ಏರೋ ಕಾರ್ಬನ್ ಬೈಕನ್ನು ರಿಪೇರಿ ಸ್ಟ್ಯಾಂಡಿನಲ್ಲಿ ಎಲ್ಲಿ ಹಿಡಿಸಬೇಕು?

ಪ್ರಶ್ನೆ:

ಸರ್, ನನ್ನದು ಕಾರ್ಬನ್ ಏರೋ ರೋಡ್ ಬೈಕ್, ಅಂದರೆ ಗಾಳಿ ಸೀಳುವ ಆಕಾರದ ಕಾರ್ಬನ್ ಫೈಬರ್ ಸೈಕಲ್. ಡಿಸ್ಕ್ ಬ್ರೇಕ್, ಎಲೆಕ್ಟ್ರಾನಿಕ್ ಗೇರ್, ವೈರುಗಳೆಲ್ಲ ಒಳಗೇ ಹೋಗಿವೆ. ಚೈನ್ ತೊಳೆಯೋದು, ಗೇರ್ ಸೆಟ್ ಮಾಡೋದು ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಕ್ಲ್ಯಾಂಪ್ ಇರುವ ಮಾಮೂಲಿ ಸ್ಟ್ಯಾಂಡ್ ತಂದೆ. ಅದರ ಬಾಯಿ ದುಂಡು ಪೈಪ್ ಹಿಡಿಯಲು ಮಾಡಿದ್ದು. ನನ್ನ ಬೈಕಿನಲ್ಲಿ ದುಂಡು ಪೈಪೇ ಇಲ್ಲ! ಸೀಟ್‌ಪೋಸ್ಟ್ (ಸೀಟಿನ ಕಂಬ) ಕೂಡ ಮುಂದೆ ದುಂಡು, ಹಿಂದೆ ಚಪ್ಪಟೆ.

ನಿನ್ನೆ ಟವೆಲ್ ಸುತ್ತಿ ಸೀಟ್‌ಪೋಸ್ಟನ್ನೇ ಹಿಡಿಸಿದೆ. ಪೆಡಲ್ ತಿರುಗಿಸುತ್ತಿದ್ದ ಹಾಗೆ ಬೈಕ್ ಮೆಲ್ಲಗೆ ಮೂತಿ ಇಳಿಬಿಟ್ಟಿತು. ಇನ್ನರ್ಧ ಸುತ್ತು ಬಿಗಿ ಮಾಡಿದೆ. 'ಟಿಕ್' ಅಂತ ಸದ್ದು ಬಂತು. ಎದೆ ಧಸಕ್ ಅಂದು ತಕ್ಷಣ ಇಳಿಸಿದೆ. ಹೊರಗೆ ಏನೂ ಕಾಣುತ್ತಿಲ್ಲ. ಪೋಸ್ಟ್ ಒಡೆದಿರಬಹುದಾ? ಇಂಥ ಬೈಕನ್ನು ಹಿಡಿಸೋದಾದರೂ ಎಲ್ಲಿ?

ಮೆಕ್ಯಾನಿಕ್ ಉತ್ತರ:

ಮೊದಲು ಆ 'ಟಿಕ್' ವಿಷಯ. ಅದನ್ನು ಪರೀಕ್ಷೆ ಮಾಡುವವರೆಗೆ ಬೈಕ್ ಓಡಿಸಬೇಡಿ. ಟವೆಲ್ ಜಾರಿದ ಸದ್ದೂ ಇರಬಹುದು, ಸ್ಟ್ಯಾಂಡಿನ ಸ್ಕ್ರೂ ಸದ್ದೂ ಇರಬಹುದು. ಆದರೆ ಸೀಟ್‌ಪೋಸ್ಟ್ ಮುರಿದರೆ ಕೂತವರು ಅದರ ಮುರಿದ ತುದಿಯ ಮೇಲೇ ಬೀಳುತ್ತಾರೆ. ಹಾಗಾಗಿ ಅಂದಾಜಿನ ಮೇಲೆ ಬಿಡುವ ವಿಷಯ ಅಲ್ಲ.

ಸೀಟಿನ ಎತ್ತರಕ್ಕೆ ಪೋಸ್ಟಿಗೆ ಟೇಪ್ ಅಂಟಿಸಿ ಗುರುತು ಮಾಡಿ, ಪೋಸ್ಟ್ ಹೊರಗೆ ತೆಗೆಯಿರಿ. ಇಲ್ಲೊಂದು ಎಚ್ಚರಿಕೆ. ಎಲೆಕ್ಟ್ರಾನಿಕ್ ಗೇರ್ ಇರುವ ಎಷ್ಟೋ ಬೈಕುಗಳಲ್ಲಿ ಬ್ಯಾಟರಿ ಇರೋದು ಪೋಸ್ಟಿನ ಕೆಳತುದಿಯ ಒಳಗೆ. ಸರಕ್ಕನೆ ಎಳೆದರೆ ವೈರ್ ಕಿತ್ತು ಬರುತ್ತದೆ. ಮೆಲ್ಲಗೆ ಎತ್ತಿ, ವೈರ್ ಬಿಚ್ಚಿ, ಅದರ ತುದಿ ಫ್ರೇಮಿನೊಳಗೆ ಬೀಳದ ಹಾಗೆ ಟೇಪ್ ಹಾಕಿ.

ಆಮೇಲೆ ಪೋಸ್ಟ್ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಕೂದಲೆಳೆ ಗೆರೆ ಓರೆ ಬೆಳಕಿನಲ್ಲಿ ನೆರಳು ಬಿಡುತ್ತದೆ. ಉಗುರು ಆಡಿಸಿ. ಪೇಂಟಿನ ಮೇಲಿನ ಗೀರಾದರೆ ಉಗುರು ಸಾಮಾನ್ಯವಾಗಿ ಜಾರಿಹೋಗುತ್ತದೆ, ಬಿರುಕಾದರೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಚಪ್ಪಟೆ ಭಾಗದ ಎರಡು ಅಂಚುಗಳನ್ನು ಜಾಸ್ತಿ ಹೊತ್ತು ನೋಡಿ. ಬ್ಯಾಟರಿ ತೆಗೆಯಲು ಬಂದರೆ ತೆಗೆದು ಪೋಸ್ಟಿನ ಒಳಗೂ ಬೆಳಕು ಬಿಡಿ. ಹಿಸುಕಿದ ಕಾರ್ಬನ್ ಹೊರಗೆ ಚೆನ್ನಾಗೇ ಕಂಡು ಒಳಗೆ ಸೀಳಿರಬಹುದು. ಕೊನೆಗೆ ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. 'ಟಣ್ ಟಣ್' ಅನ್ನುತ್ತಿದ್ದದ್ದು ಒಂದು ಕಡೆ ಮಾತ್ರ 'ದಬ್' ಅಂದರೆ ಅಲ್ಲಿ ಪದರ ಬಿಟ್ಟಿರಬಹುದು.

ಇದೆಲ್ಲ ಮಾಡಿಯೂ ಅನುಮಾನ ಉಳಿದರೆ ಪೋಸ್ಟ್ ಬದಲಿಸಿ. ಹೋಗಿದ್ದರೂ ಹೋಗಿರೋದು ಪೋಸ್ಟ್, ಫ್ರೇಮ್ ಅಲ್ಲ. ನೀವು ಹಿಡಿಸಿದ ಜಾಗ ತಪ್ಪಲ್ಲ, ಹಿಸುಕಿದ್ದು ತಪ್ಪು.

ಕಾರ್ಬನ್ ಗಟ್ಟಿ ಅಂತಾರೆ, ನಿಜ. ಆದರೆ ಆ ಗಟ್ಟಿತನ ಎಳೆ ಹೋದ ದಿಕ್ಕಿಗೆ. ನೀವು ಕೂತಾಗ, ತುಳಿದಾಗ ಬರುವ ಭಾರಕ್ಕೆ ಲೆಕ್ಕ ಹಾಕಿ ಎಳೆಗಳನ್ನು ಜೋಡಿಸಿರುತ್ತಾರೆ. ಪಕ್ಕದಿಂದ ಯಾರೋ ಇಕ್ಕಳ ಹಾಕಿ ಹಿಸುಕುತ್ತಾರೆ ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ. ಹಗುರ ಫ್ರೇಮುಗಳಲ್ಲಿ ಪೈಪಿನ ನಡುಭಾಗದ ದಪ್ಪ ಕೆಲವು ಕಡೆ 1 ಮಿಲಿಮೀಟರ್ ಆಸುಪಾಸು ಅಷ್ಟೇ.

ಏರೋ ಆಕಾರ ಇದಕ್ಕೆ ಇನ್ನೊಂದು ತೊಂದರೆ ಸೇರಿಸುತ್ತದೆ. ಹಿಂದೆ ಚಪ್ಪಟೆ ಇದೆ ಅಂದಿರಲ್ಲ, ಅದಕ್ಕೆ ಕಾಮ್ ಟೇಲ್ ಅಂತಾರೆ. 1930ರ ದಶಕದಲ್ಲಿ ಕಾರುಗಳ ಮೇಲೆ ಕೆಲಸ ಮಾಡಿದ ಜರ್ಮನಿಯ ವುನಿಬಾಲ್ಡ್ ಕಾಮ್ ಅವರ ಹೆಸರು. ಹನಿಯಾಕಾರದ ಬಾಲ ಕತ್ತರಿಸಿದರೂ ಗಾಳಿ ಹೆಚ್ಚುಕಮ್ಮಿ ಬಾಲ ಇದ್ದ ಹಾಗೇ ಹರಿಯುತ್ತದೆ. ಗಾಳಿ ಮೋಸ ಹೋಗುತ್ತದೆ, ಕ್ಲ್ಯಾಂಪ್ ಮೋಸ ಹೋಗಲ್ಲ. ಸ್ಟ್ಯಾಂಡಿನ ಬಾಯಿಯಲ್ಲಿ ಒಂದು ಕಣಿವೆ ಇರುತ್ತದೆ, ನೋಡಿ. ದುಂಡು ಪೈಪ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಏರೋ ಪೋಸ್ಟ್ ಅಂಚುಗಳಲ್ಲಷ್ಟೇ ತಾಗುತ್ತದೆ. ಅಷ್ಟೂ ಒತ್ತಡ ಆ ಎರಡು ಗೆರೆಗಳ ಮೇಲೆ. ಟವೆಲ್ ಪೇಂಟನ್ನು ಕಾಪಾಡುತ್ತದೆ, ಕಾರ್ಬನ್ನನ್ನಲ್ಲ. ಮೇಲಾಗಿ ಬಟ್ಟೆ ಜಾರುತ್ತದೆ, ಜಾರಿತು ಅಂತ ನಾವು ಇನ್ನಷ್ಟು ಬಿಗಿ ಮಾಡುತ್ತೇವೆ. ನಿಮಗೆ ಆಗಿದ್ದೂ ಅದೇ.

ಹಾಗಾದರೆ ಎಲ್ಲಿ ಹಿಡಿಸೋದು? ನನ್ನ ಮಟ್ಟಿಗೆ ಏರೋ ಕಾರ್ಬನ್ನಿಗೆ ಸರಿಯಾದ ಸ್ಟ್ಯಾಂಡ್ ಅಂದರೆ ರೇಸ್ ತಂಡದ ಮೆಕ್ಯಾನಿಕ್‌ಗಳು ಬಳಸುವ ಥರದ್ದು. ಮುಂದಿನ ಚಕ್ರ ತೆಗೆದು ಫೋರ್ಕನ್ನು (ಮುಂದಿನ ಚಕ್ರ ಹಿಡಿಯುವ ಕವಲು) ಸ್ಟ್ಯಾಂಡಿನ ಆಕ್ಸಲ್ ಮೇಲೆ ಕೂರಿಸೋದು, ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ಅಚ್ಚು ಕೂರುವ ಜಾಗ) ಒಂದು ರಬ್ಬರ್ ತೊಟ್ಟಿಲಿನ ಮೇಲೆ ಕೂರುತ್ತದೆ. ಭಾರ ಬೀಳೋದು ಭಾರ ಹೊರಲೆಂದೇ ಮಾಡಿದ ಎರಡು ಜಾಗಗಳ ಮೇಲೆ. ಪೈಪನ್ನು ಯಾರೂ ಹಿಸುಕುತ್ತಿಲ್ಲ. ಈಗಿನ ಡಿಸ್ಕ್ ರೋಡ್ ಬೈಕುಗಳಲ್ಲಿ ಮುಂದೆ ಸಾಮಾನ್ಯವಾಗಿ 12x100, ಹಿಂದೆ 12x142 ಮಿಲಿಮೀಟರ್ ಥ್ರೂ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿಸಿ ಬಿಗಿಯುವ ಅಚ್ಚು. ಆ ಅಳತೆಯ ಅಡಾಪ್ಟರ್ ಸ್ಟ್ಯಾಂಡಿನ ಜೊತೆ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ.

ಕೂರಿಸುವ ಮುಂಚೆ ಬೈಕಿನ ಹೊಟ್ಟೆಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕೆಲವು ಫ್ರೇಮುಗಳಲ್ಲಿ ಬಾಟಮ್ ಬ್ರಾಕೆಟ್ ಅಡಿಯಲ್ಲಿ ಪ್ಲಾಸ್ಟಿಕ್ ಮುಚ್ಚಳವೋ ಕೇಬಲ್ ಗೈಡೋ ಇರುತ್ತದೆ. ತೊಟ್ಟಿಲು ಅದರ ಮೇಲೆ ಒತ್ತಬಾರದು. ಡೌನ್ ಟ್ಯೂಬಿಗೆ (ಫ್ರೇಮಿನ ಕೆಳಗಿನ ಓರೆ ಪೈಪ್) ಹಾಕುವ ಪಟ್ಟಿಯನ್ನು ಕೈಯಲ್ಲಿ ಎಳೆದಷ್ಟೇ ಬಿಗಿ ಮಾಡಿ, ಬಕಲ್ ಪೇಂಟಿಗೆ ತಾಗದಿರಲಿ. ಇಳಿಸುವಾಗ ಪಟ್ಟಿ ಮೊದಲು, ಆಕ್ಸಲ್ ಆಮೇಲೆ. ಪಟ್ಟಿ ಬಿಚ್ಚಿದ ಮೇಲೆ ಬೈಕನ್ನು ಪಕ್ಕಕ್ಕೆ ವಾಲಲು ಬಿಟ್ಟರೆ ಆ ತಿರುಚೆಲ್ಲ ಫೋರ್ಕಿನ ತುದಿಗೆ ಹೋಗುತ್ತದೆ.

ಇನ್ನೊಂದು. ಚಕ್ರ ತೆಗೆದಾಗ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಸಿಕ್ಕಿಸಿ. ಕೈತಪ್ಪಿ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದು ಕೂರುತ್ತದೆ, ಆಮೇಲೆ ಡಿಸ್ಕ್ ಒಳಗೆ ಹೋಗಲ್ಲ.

ಪ್ರಶ್ನೆ ಕೇಳಿದವರು:

ಸರ್, ಈ ಸ್ಟ್ಯಾಂಡ್ ತಂದು ವಾರವೂ ಆಗಿಲ್ಲ. ಇದನ್ನು ಮೂಲೆಗೆ ಹಾಕಲೇಬೇಕಾ?

ಮೆಕ್ಯಾನಿಕ್ ಉತ್ತರ:

ಬೇಡ ಬಿಡಿ, ಹಗುರ ಕೆಲಸಕ್ಕೆ ನಡೆಯುತ್ತದೆ. ಮೊದಲು ನಿಮ್ಮ ಬೈಕಿನ ಕೈಪಿಡಿ ತೆಗೆದು ನೋಡಿ. ಈ ಪೋಸ್ಟನ್ನು ಕ್ಲ್ಯಾಂಪ್ ಮಾಡಬೇಡಿ ಅಂತ ಬರೆದಿದ್ದರೆ ಮಾತು ಮುಗಿಯಿತು. ಬರೆದಿಲ್ಲದಿದ್ದರೆ, ಕ್ಲ್ಯಾಂಪಿನ ಬಾಯಿಗೂ ಪೋಸ್ಟಿಗೂ ನಡುವೆ ಪೋಸ್ಟಿನ ಆಕಾರಕ್ಕೇ ಕೊರೆದ ಎರಡು ಮರದ ತುಂಡು ಇಡಿ, ಒಳಮೈಗೆ ರಬ್ಬರ್ ಅಂಟಿಸಿ. ಒಂದು ಸಂಜೆಯ ಕೆಲಸ. ಆಗ ಒತ್ತಡ ಅಂಚಿಗೆ ಬೀಳದೆ ಹರಡಿಕೊಳ್ಳುತ್ತದೆ. ಪೋಸ್ಟನ್ನೂ ರಬ್ಬರನ್ನೂ ಪ್ರತಿಸಲ ಒರೆಸಿ. ಪೋಸ್ಟ್ ಜಾರದಿರಲಿ ಅಂತ ಹಚ್ಚುವ ಕಾರ್ಬನ್ ಪೇಸ್ಟಿನಲ್ಲಿ ಸಣ್ಣ ಹರಳುಗಳಿರುತ್ತವೆ, ಉಜ್ಜಿದರೆ ಮರಳು ಕಾಗದದ ಹಾಗೆ.

ಹಿಡಿಯನ್ನು ಎರಡು ಬೆರಳಲ್ಲಿ ಮಾತ್ರ ತಿರುಗಿಸಿ. ಎರಡು ಬೆರಳಿಗೆ ಎಷ್ಟು ಬಿಗಿ ಆಗುತ್ತದೋ ಅಷ್ಟೇ ನಿಮ್ಮ ಲೆಕ್ಕ. ಬೈಕ್ ಮೂತಿ ಇಳಿಸುತ್ತದೆ, ಇಳಿಸಲಿ. ಭಾರದ ಹೆಚ್ಚು ಪಾಲು ಪೋಸ್ಟಿನ ಮುಂದೆ ಇರುವುದರಿಂದ ಅದು ತಿರುಗೋದು ಸಹಜ. ಹ್ಯಾಂಡಲ್‌ಬಾರಿಗೆ ಒಂದು ಪಟ್ಟಿ ಕಟ್ಟಿ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ಇಲ್ಲವೇ ಮುಂದಿನ ಚಕ್ರದ ಕೆಳಗೆ ಸ್ಟೂಲ್ ಇಡಿ.

ಪೋಸ್ಟಿನಲ್ಲಿ ಹಿಡಿಸಿರುವಾಗ ಪೋಸ್ಟಿನ ಬೋಲ್ಟ್ ಬಿಚ್ಚಬೇಡಿ. ನಗಬೇಡಿ, ಸೀಟಿನ ಎತ್ತರ ಸರಿ ಮಾಡೋಣ ಅಂತ ನಾನೇ ಒಮ್ಮೆ ಬಿಚ್ಚಿದ್ದೆ. ಪೋಸ್ಟ್ ಕ್ಲ್ಯಾಂಪಿನಲ್ಲೇ ಉಳಿಯಿತು, ಬೈಕ್ ನನ್ನ ಕಾಲ ಮೇಲೆ.

ಬಲ ಹಾಕುವ ಕೆಲಸ ಎಲ್ಲ ನೆಲದ ಮೇಲೆ. ಪೆಡಲ್ ಬಿಚ್ಚೋದು, ಸ್ರಾಮ್ ಕಂಪನಿಯ ಡಬ್ ಕ್ರ್ಯಾಂಕಿನ (ಪೆಡಲ್ ತೋಳಿನ) 54 ನ್ಯೂಟನ್ ಮೀಟರ್ ಬಿಗಿಯ ಬೋಲ್ಟ್, ಬಾಟಮ್ ಬ್ರಾಕೆಟ್ ಇವಕ್ಕೆಲ್ಲ ಎರಡೂ ಚಕ್ರ ನೆಲಕ್ಕೆ ತಾಗಿರಲಿ, ಬೈಕಿಗೆ ಗೋಡೆ ಆಸರೆ ಇರಲಿ. ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಂಪು) ಲಾಕ್‌ರಿಂಗ್ 40 ನ್ಯೂಟನ್ ಮೀಟರ್, ಅದನ್ನು ಚಕ್ರ ಹೊರಗೆ ತೆಗೆದೇ ಮಾಡೋದು. ಇಷ್ಟು ಬಲವನ್ನು ಸ್ಟ್ಯಾಂಡಿನಲ್ಲಿ ಹಾಕಿದರೆ ಅದರ ಪಾಲು ಹಿಡಿತದ ಜಾಗಕ್ಕೇ ಹೋಗುತ್ತದೆ.

ಇನ್ನೊಬ್ಬ ಸದಸ್ಯ:

ಅಣ್ಣಾ, ನಾನು ಐದು ವರ್ಷದಿಂದ ಟಾಪ್ ಟ್ಯೂಬಿನಲ್ಲೇ (ಫ್ರೇಮಿನ ಮೇಲಿನ ಪೈಪ್) ಹಿಡಿಸುತ್ತಿದ್ದೇನೆ. ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತಿದ್ದೀರಾ ಅಲ್ವಾ?

ಮೆಕ್ಯಾನಿಕ್ ಉತ್ತರ:

ಆಗದೆ ಇದ್ದದ್ದು ಒಳ್ಳೆಯದೇ ಆಯಿತು. ನನ್ನ ಬೆಂಚಿಗೆ ಬಂದ ಒಂದು ಫ್ರೇಮ್ ಹೇಳುತ್ತೇನೆ. ಟಾಪ್ ಟ್ಯೂಬಿನ ಎರಡೂ ಪಕ್ಕ, ಎದುರುಬದುರು, ಹೆಬ್ಬೆಟ್ಟಿನಗಲ ಎರಡು ಗುರುತು. ನೋಡಿದರೆ ಗ್ರೀಸ್ ಕಲೆ ಅನ್ನಿಸಬೇಕು. ಒರೆಸಿದೆ, ಹೋಗಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಪ್ಲಾಸ್ಟಿಕ್ ಬಾಟಲಿಯ ಹಾಗೆ ಒಳಗೆ ಹೋಗಿ 'ಚಿಟ್' ಅಂತ ಹೊರಗೆ ಬಂತು. ಬೈಕಿನವರಿಗೆ ಅದು ಯಾವತ್ತು ಆಯಿತು ಅಂತ ಗೊತ್ತೇ ಇರಲಿಲ್ಲ. ನಿಮ್ಮ ಪೈಪನ್ನೂ ಇವತ್ತು ಒಂದು ಸಲ ಒತ್ತಿ ನೋಡಿ.

ಮತ್ತೊಬ್ಬರು:

ಸ್ಟ್ಯಾಂಡೇ ಬೇಡ ಅಂತ ನಾನು ತಲೆಕೆಳಗಾಗಿ ನಿಲ್ಲಿಸುತ್ತೇನೆ ಸರ್. ಅದು ಸರಿನಾ?

ಮೆಕ್ಯಾನಿಕ್ ಉತ್ತರ:

ದಾರಿಯಲ್ಲಿ ಪಂಕ್ಚರ್ ಆದರೆ ಸರಿ ಮೇಡಂ, ಕಾರ್ಬನ್ನಿಗೇನೂ ಆಗಲ್ಲ. ಆದರೆ ಹೈಡ್ರಾಲಿಕ್ ಬ್ರೇಕಿನ ಲಿವರಿನಲ್ಲಿ ಸ್ವಲ್ಪ ಗಾಳಿ ಇದ್ದರೆ ಅದು ಪೈಪಿನ ಕಡೆ ಏರುತ್ತದೆ. ನೇರ ಮಾಡಿದ ಮೇಲೆ ಲಿವರನ್ನು ಹತ್ತಾರು ಸಲ ಒತ್ತಿ, ಗಟ್ಟಿ ಆದ ಮೇಲೇ ಹೊರಡಿ. ಮೆತ್ತಗೇ ಉಳಿದರೆ ಬ್ಲೀಡ್ ಮಾಡಿಸಬೇಕು, ಅಂದರೆ ಒಳಗಿನ ಗಾಳಿ ತೆಗೆಸಬೇಕು. ಮನೆಯ ಕೆಲಸಕ್ಕೆ ಇದಕ್ಕಿಂತ ಸೀಟಿನ ಮೂತಿಯನ್ನು ಒಂದು ಗಟ್ಟಿ ಅಡ್ಡಕಂಬಿಗೆ ನೇತುಹಾಕೋದು ವಾಸಿ. ಹಳೆಯ ಉಪಾಯ. ತೂಗಾಡುತ್ತದೆ, ಆದರೆ ಚೈನ್ ತೊಳೆಯಲು ಸಾಕು. ಮನೆಯಲ್ಲಿ ಹಿಂದಿನ ಚಕ್ರ ತೆಗೆದು ಕೂರಿಸುವ ಟ್ರೇನರ್ (ನಿಂತಲ್ಲೇ ತುಳಿಯುವ ಯಂತ್ರ) ಇದ್ದರೆ ಅದೂ ಒಳ್ಳೆಯ ಸ್ಟ್ಯಾಂಡೇ. ಹಿಡಿತ ಆಕ್ಸಲ್‌ನಲ್ಲಿ, ಪೆಡಲ್ ತಿರುಗಿಸಿ ಗೇರ್ ಕೂಡ ನೋಡಬಹುದು. ಟ್ರೇನರಿನ ಕ್ಯಾಸೆಟ್ ಬೇರೆ, ನಿಮ್ಮ ಚಕ್ರದ್ದು ಬೇರೆ. ಕೊನೆಯ ಹೊಂದಾಣಿಕೆ ನಿಮ್ಮ ಚಕ್ರ ಹಾಕಿಯೇ ಮಾಡಿ.

ಪ್ರಶ್ನೆ ಕೇಳಿದವರು:

ಸರ್, ಪೋಸ್ಟ್ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಬ್ಯಾಟರಿ ಒಳಗಿತ್ತು, ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಬಲಗಡೆ ಹಿಂದಿನ ಅಂಚಿನಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದ ಒಂದು ಗೆರೆ. ಉಗುರು ಸಿಕ್ಕಿಕೊಳ್ಳುತ್ತದೆ. ನಾಣ್ಯ ತಟ್ಟಿದರೆ ಅಲ್ಲಿ ಸದ್ದು ಬೇರೆ.

ಮೆಕ್ಯಾನಿಕ್ ಉತ್ತರ:

ಹಾಗಾದರೆ ಅದು ಹೋಯಿತು. ಯಾರೂ ಎತ್ತಿ ಬಳಸದ ಹಾಗೆ ಗರಗಸದಲ್ಲಿ ಎರಡು ತುಂಡು ಮಾಡಿಬಿಡಿ. ನಿಮ್ಮ ಫ್ರೇಮಿನದೇ ಮಾಡೆಲಿನ ಪೋಸ್ಟ್ ತರಿಸಿ, ಬೇರೆಯದು ಕೂರಲ್ಲ. ಕಾರ್ಬನ್ ಪೇಸ್ಟ್ ಹಚ್ಚಿ, ಕನಿಷ್ಠ ಒಳಸೇರಬೇಕಾದ ಗೆರೆ ಕಾಣದ ಹಾಗೆ ಇಳಿಸಿ, ಬೋಲ್ಟಿನ ಹತ್ತಿರ ಬರೆದಿರುವ ಟಾರ್ಕಿಗೆ (ಬಿಗಿಯ ಅಳತೆಗೆ) ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಹಳೆಯ ಪೋಸ್ಟಿನ ತುಂಡು ಎಸೆಯಬೇಡಿ. ಮರದ ತುಂಡು ಕೊರೆಯುವಾಗ ಅಳತೆಗೆ ಬೇಕಾಗುತ್ತದೆ.