ಮರು: ‘ತಾವೋ’ಗೆ ಕನ್ನಡ ಪದ ಇವತ್ತೇ ಬೇಕು

ನಮಸ್ಕಾರ,

ಚೀನಿ ಚಿಂತನೆಯ ‘ತಾವೋ’ ಎಂಬ ಮಾತಿಗೆ ಫಲಕದಲ್ಲಿ ಯಾವ ಕನ್ನಡ ಪದ ಹಾಕಬೇಕು ಎಂದು ಕೇಳಿದ್ದೀರಿ. ಫಲಕ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು ಎಂದಿದ್ದೀರಿ. ಹಾಗಾಗಿ ಮೊದಲು ಉತ್ತರ: ‘ದಾರಿ’ ಎಂದು ಹಾಕಿ. ‘ಧರ್ಮ’ ಬೇಡ. ‘ಬ್ರಹ್ಮ’ ಖಂಡಿತ ಬೇಡ.

ನಿಮ್ಮದು ಹೋಲಿಕೆಯ ಫಲಕ. ಚೀನಿ ಚಿಂತಕರಾದ ಲಾವೋತ್ಸೆ ಮತ್ತು ಕನ್ಫ್ಯೂಶಿಯಸ್, ಜೊತೆಗೆ ಬುದ್ಧ, ವೇದಾಂತ ಅಕ್ಕಪಕ್ಕ ನಿಲ್ಲಬೇಕು. ಲಾವೋತ್ಸೆಯ ಕೆಳಗೆ ‘ಬ್ರಹ್ಮ’ ಎಂದು ಬರೆದುಬಿಟ್ಟರೆ ಹೋಲಿಸೋಕೆ ಏನು ಉಳಿಯಿತು? ಎರಡೂ ಒಂದೇ ಎಂದು ನೀವೇ ತೀರ್ಪು ಕೊಟ್ಟ ಹಾಗಾಯಿತು ಅಲ್ವಾ?

ಚೀನಿಯಲ್ಲಿ ಈ ಪದ ಲಾವೋತ್ಸೆಯೊಬ್ಬನ ಸ್ವತ್ತಲ್ಲ. ಬೆಳಗ್ಗೆ ತಾವೋ ಕಿವಿಗೆ ಬಿದ್ದರೆ ಸಂಜೆ ಸತ್ತರೂ ಸರಿಯೇ ಎಂದವನು ಕನ್ಫ್ಯೂಶಿಯಸ್. ಬೌದ್ಧರ ಅಷ್ಟಾಂಗ ಮಾರ್ಗಕ್ಕೂ ಅಲ್ಲಿ ಇದೇ ಅಕ್ಷರ. ಮೂರೂ ಕಡೆ ‘ದಾರಿ’ ಕೂರುತ್ತದೆ. ‘ಬ್ರಹ್ಮ’ವನ್ನು ಕನ್ಫ್ಯೂಶಿಯಸ್ ಬಾಯಲ್ಲಿ ಇಟ್ಟು ನೋಡಿ, ಕೂರುವುದಿಲ್ಲ.

ಈ ಜಗಳ ಹಳೆಯದು. 647ರಲ್ಲಿ ಚೀನದ ತಾಂಗ್ ದೊರೆ ತೈತ್ಸುಂಗ್ ಲಾವೋತ್ಸೆಯ ಪುಸ್ತಕ ‘ತಾವೋ ತೇ ಚಿಂಗ್’ ಅನ್ನು ಸಂಸ್ಕೃತಕ್ಕೆ ತರಲು ಹ್ಯೂಯೆನ್ ತ್ಸಾಂಗನಿಗೆ ಹೇಳಿದ. ನಮ್ಮ ಪುಲಿಕೇಶಿಯ ನಾಡಿನ ಬಗ್ಗೆ ಬರೆದಿಟ್ಟವನೇ ಅವನು. ಜೊತೆಗಿದ್ದ ತಾವೋ ಪಂಡಿತರು ‘ತಾವೋ’ಗೆ ‘ಬೋಧಿ’ (ಅರಿವು) ಆಗಬೇಕು ಎಂದು ಹಟ ಹಿಡಿದರು. ಇಲ್ಲ, ‘ಮಾರ್ಗ’ವೇ ಎಂದು ಹ್ಯೂಯೆನ್ ತ್ಸಾಂಗ ಪಟ್ಟು ಬಿಡಲಿಲ್ಲ. ದೊಡ್ಡ ಪದವನ್ನು ಬಿಟ್ಟು ನಡೆಯುವ ಪದವನ್ನು ಹಿಡಿದ. ಅವನಷ್ಟು ಸಂಸ್ಕೃತ ಗೊತ್ತಿದ್ದವನು!

ಹಾಗಾದರೆ ‘ಮಾರ್ಗ’ ಯಾಕೆ ಬೇಡ? ಭಕ್ತಿಮಾರ್ಗ, ಜ್ಞಾನಮಾರ್ಗ ಎಂದು ಕೇಳಿದ ಕಿವಿಗೆ ಅದು ಸಾಧನೆಯ ಒಂದು ಬಗೆ. ‘ದಾರಿ’ ಹಾಗಲ್ಲ. ದಾರಿಗೆ ಬಂದ, ದಾರಿ ತಪ್ಪಿದ, ಬದುಕೋಕೆ ಒಂದು ದಾರಿ ಆಯ್ತು. ನಡೆಯುವುದೂ ಬಾಳುವುದೂ ಒಂದೇ ಪದದಲ್ಲಿದೆ. ಚೀನಿ ಅಕ್ಷರದಲ್ಲೂ ಒಂದು ತಲೆ, ಅದರ ಅಡಿಗೆ ಉದ್ದಕ್ಕೆ ಎಳೆದ ನಡಿಗೆಯ ಗುರುತು. ಒಂದು ನಷ್ಟ ಇದೆ, ಒಪ್ಪುತ್ತೇನೆ. ಅದೇ ಪದಕ್ಕೆ ‘ಹೇಳು’ ಎಂಬ ಅರ್ಥವೂ ಇದೆ. ‘ತಾವೋ ತೇ ಚಿಂಗ್’ನ ಮೊದಲ ಸಾಲೇ ಆ ಎರಡು ಅರ್ಥಗಳ ಮೇಲೆ ನಿಂತಿದೆ. ನಮ್ಮ ‘ನಡೆ-ನುಡಿ’ ಹತ್ತಿರ ಬರುತ್ತದೆ, ಆದರೆ ಫಲಕಕ್ಕೆ ಆಗದು.

ದಾರಿಗೆ ‘ಬಟ್ಟೆ’ ಎಂಬ ಹಳೆಯ ಪದ ಹಾಕಿ ಎಂದವರಿಗೆ: ಹಳಗನ್ನಡದಲ್ಲಿ ಸರಿ. ಈಗ ಓದುವವರಿಗೆ ಅದು ಉಡುವ ಬಟ್ಟೆ. ಅಚ್ಚಗನ್ನಡ ಎಂದು ಹೇಳಿದ್ದರೆ, ಅದೂ ಸಂಸ್ಕೃತದ ‘ವರ್ತ್ಮ’ದ ತದ್ಭವವೇ.

‘ದಾರಿ’ ಬಂದದ್ದು ‘ದ್ವಾರ’ದಿಂದ ಎಂದವರಿಗೆ: ಅಲ್ಲ. ತಮಿಳಿನ ‘ತಾರಿ’ ನೋಡಿ, ತೆಲುಗಿನ ‘ದಾರಿ’ ನೋಡಿ. ಸುಮ್ನೆ ಎಲ್ಲವನ್ನೂ ಸಂಸ್ಕೃತಕ್ಕೆ ಕಟ್ಟಬೇಡಿ.

‘ದಾವೋ’ ಎಂದು ತಿದ್ದುವುದೂ ಬೇಡ. ಇಂಗ್ಲಿಷಿನವರು ಟಿ ಎನ್ನುವಾಗ ಉಸಿರು ಸೇರುತ್ತದೆ. ಅದಕ್ಕೇ ಚೀನಿಯರ ಉಸಿರಿಲ್ಲದ ಈ ಧ್ವನಿ ಅವರ ಕಿವಿಗೆ ಡಿ ಆಗಿ ಕೇಳುತ್ತದೆ. ನಮ್ಮ ‘ತ’ ಅಲ್ಪಪ್ರಾಣ. ಚೀನಿಯರ ಉಚ್ಚಾರಕ್ಕೆ ಅದೇ ಹತ್ತಿರ.

ಸಾಲದ ಪದವೇ ಬೇಡ ಎಂಬ ಗುಂಪಿನವನು ನಾನಲ್ಲ. ಚೀನಿ ಮಾತಿಗೆ ಚೀನಿಯಿಂದಲೇ ಸಾಲ ತನ್ನಿ, ವೇದಾಂತದಿಂದ ಬೇಡ. ಮೇಲೆ ದೊಡ್ಡದಾಗಿ ‘ತಾವೋ’, ಕೆಳಗೆ ‘ದಾರಿ’. ಬೌದ್ಧರ ಸಾಲಲ್ಲೂ ‘ಎಂಟಂಗದ ದಾರಿ’ ಎಂದೇ ಬರೆಯಿರಿ. ಚೀನಿ ಓದುಗರಿಗೆ ಕಾಣುವ ನಂಟು ನಮ್ಮವರಿಗೂ ಕಾಣುತ್ತದೆ.