ಪ್ರಾರ್ಥನೆಗೆ ಅಂತ ಬಂದ ಮೆಸೇಜು ಸುಳ್ಳು ಅಂತ ಹಿರಿಯರಿಗೆ ಹೇಳುವುದು ಹೇಗೆ?

ಗೋವಾವೇಸ್ ಜೆರಾಕ್ಸ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಗೋವಾವೇಸ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿನೂ ತುಂಬಿಕೊಡುತ್ತೇನೆ. ನಮ್ಮ ಸಭೆಯ (ಚರ್ಚಿನ) ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ಅಂಗಡಿಯಲ್ಲಿ ಸದಾ ನೆಟ್ ಇರುತ್ತೆ ಅನ್ನೋದು ಬಿಟ್ಟರೆ ಬೇರೆ ಅರ್ಹತೆ ಏನೂ ಇಲ್ಲ.

ಹೋದ ತಿಂಗಳು ಒಂದು ಬುಧವಾರ ರಾತ್ರಿ ಗ್ರೂಪಿಗೆ ಒಂದು ಮೆಸೇಜ್ ಬಂತು. ಅಫ್ಘಾನಿಸ್ತಾನದಲ್ಲಿ 229 ಮಿಷನರಿಗಳಿಗೆ ನಾಳೆ ಮಧ್ಯಾಹ್ನ ಮರಣದಂಡನೆ, ಕೂಡಲೇ ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ ಅಂತ. ಹಾಕಿದವರು ನಮ್ಮ ಅಕ್ಕೋರು. ಕನ್ನಡ ಶಾಲೆಯಲ್ಲಿ ಟೀಚರಾಗಿ ರಿಟೈರ್ ಆದವರು, ವಯಸ್ಸು 74. ಸಂಡೇ ಸ್ಕೂಲಿನಲ್ಲಿ ನನಗೆ ವಚನ ಬಾಯಿಪಾಠ ಮಾಡಿಸಿದವರು ಇವರೇ. ತಪ್ಪಿದರೆ ಕಿವಿ ಹಿಂಡುತ್ತಿದ್ದರು.

ಮರುದಿನ ಅಕ್ಕೋರು ಉಪವಾಸ ಹಿಡಿದರು. ಚಹಾ ಕೂಡ ಮುಟ್ಟಲಿಲ್ಲ. ಅವರಿಗೆ ಶುಗರ್ ಇದೆ. ಮೂರು ಗಂಟೆ ಹೊತ್ತಿಗೆ ತಲೆ ತಿರುಗಿ ಅಡುಗೆಮನೆ ಕಟ್ಟೆ ಹಿಡಿದು ಕೂತರಂತೆ. ಅವರ ಸೊಸೆ ನನಗೆ ಫೋನ್ ಮಾಡಿ, ಆ ಮೆಸೇಜ್ ನಿಜಾನಾ ನೋಡು ಅಂದಳು.

ನೋಡಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಈ ಮೆಸೇಜು 2009ರಿಂದಲೇ ಓಡಾಡುತ್ತಿದೆ. ಆಗ 22 ಮಿಷನರಿಗಳು. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದ ಮೇಲೆ 22 ಇದ್ದದ್ದು 229 ಆಯಿತು. ದಿನ ಮಾತ್ರ ಯಾವತ್ತೂ "ನಾಳೆ ಮಧ್ಯಾಹ್ನ". ತಾರೀಕೇ ಹಾಕಿಲ್ಲ. ಹಾಗಾಗಿ ಅದು ಹಳೆಯದಾಗುವುದೇ ಇಲ್ಲ.

ನನ್ನ ಕೆಲಸದಲ್ಲಿ ಇದು ದಿನಾ ಕಣ್ಣಿಗೆ ಬೀಳುತ್ತೆ. ಜೆರಾಕ್ಸಿನ ಜೆರಾಕ್ಸ್ ತಂದವರ ಕಾಗದದಲ್ಲಿ ಅಕ್ಷರದ ಹೊಟ್ಟೆ ತುಂಬಿಕೊಂಡಿರುತ್ತೆ, ಸೀಲು ಕಪ್ಪು ಉಂಡೆಯಾಗಿರುತ್ತೆ, ಅಂಚಿನಲ್ಲಿ ಹಿಂದಿನ ಯಾವುದೋ ಮಷಿನ್ನಿನ ಗೆರೆ. ಒರಿಜಿನಲ್ ಎಲ್ಲಿದೆ ಅಂದರೆ ಯಾರ ಹತ್ತಿರವೂ ಇರಲ್ಲ. ಈ ಮೆಸೇಜಿಗೂ ವಾಟ್ಸಾಪ್ ಆ ಗೆರೆ ಹಾಕಿತ್ತು, ಎರಡು ಬಾಣದ ಗುರುತು. ಐದು ಕೈಗಿಂತ ಕಡಿಮೆ ದಾಟಿದ್ದಕ್ಕೆ ಆ ಗುರುತು ಬೀಳಲ್ಲ. ಅದು ಬಿದ್ದರೆ ಒಂದು ಸಲಕ್ಕೆ ಒಬ್ಬರಿಗೇ ಕಳಿಸಬಹುದು. ಅಕ್ಕೋರು ಒಂದೊಂದಾಗಿ ಕೂತು ಹನ್ನೊಂದು ಮಂದಿಗೆ ಕಳಿಸಿದ್ದರು!

ತಪ್ಪು ಮಾಡಿದ್ದು ಇಲ್ಲಿ. ಸಿಟ್ಟಿನಲ್ಲಿದ್ದೆ. ಗ್ರೂಪಿನಲ್ಲೇ ಬರೆದೆ: "ಇದು ಸುಳ್ಳು. ವಿಮೋಚನಕಾಂಡ 23:1 ಓದಿ. ಸುಳ್ಳು ಸುದ್ದಿ ಹಬ್ಬಿಸಬಾರದು ಅಂತ ಇದೆ." ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕೋರು ಗ್ರೂಪ್ ಬಿಟ್ಟರು ಅನ್ನೋ ಬೂದು ಸಾಲು ಬಂತು. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಸಿಕ್ಕರು. "ಏನಪಾ, ನಾ ಪ್ರಾರ್ಥನಾ ಮಾಡಿದ್ದೂ ಸುಳ್ಳ ಆತೇನು?" ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ನನಗೆ ಗೊತ್ತಾಗಬೇಕಾದ್ದು ಇಷ್ಟೇ. ಸುಳ್ಳು ಅಂತ ಗೊತ್ತಾದಾಗ ಸುಮ್ನೆ ಇರೋಕ್ಕಾಗಲ್ಲ. ಹೇಳಿದರೆ "ನಂಬಿಕೆ ಇಲ್ಲದವನು" ಅಂತಾರೆ. ನೀವು ಹೇಗೆ ಹೇಳುತ್ತೀರಿ?

ಸೂಜಿಮದ್ದು ಸಿಸ್ಟರ್ (ವಿಜಯಪುರ ತಾಲೂಕು)

ಅಣ್ಣಾ, ನಾನು ಹಳ್ಳಿ ಆಸ್ಪತ್ರೆಯಲ್ಲಿ ಎಎನ್‌ಎಂ, ಅಂದರೆ ನರ್ಸ್. ನಿಮ್ಮ ಕಥೆ ಓದಿ 2021 ನೆನಪಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೆ ಕೊರೊನಾ ಲಸಿಕೆ ಶುರುವಾಯಿತು. ನಮ್ಮ ಪ್ರಾರ್ಥನಾ ಕೂಟದ ಅಜ್ಜಿಯರಲ್ಲಿ ಒಬ್ಬರೂ ಬರಲಿಲ್ಲ. ಅದರಲ್ಲಿ ಚಿಪ್ ಇದೆ, ಅದೇ ಬೈಬಲಿನಲ್ಲಿ ಹೇಳಿದ ಮೃಗದ ಗುರುತು, 666ರ ಮುದ್ರೆ ಅಂತ ಯಾರದೋ ವಿಡಿಯೋ ಬಂದಿತ್ತು.

ಮೊದಲು ನಾನೂ ನಿಮ್ಮ ಹಾಗೇ ಮಾಡಿದೆ. ಡಾಕ್ಟರ್ ಮಾತಾಡಿದ ವಿಡಿಯೋ ಕಳಿಸಿದೆ. ಅವರು ಇನ್ನೊಂದು ವಿಡಿಯೋ ಕಳಿಸಿದರು. ಹಾಗೆ ಒಂದು ವಾರ ನಡೀತು, ಬರೀ ಡೇಟಾ ಖರ್ಚು.

ಕೊನೆಗೆ ಒಬ್ಬ ಅಜ್ಜಿಯ ಮನೆಗೆ ಹೋಗಿ ಅವರದೇ ಸತ್ಯವೇದ (ಬೈಬಲ್) ತೆಗೆಸಿ, ಆ ಮುದ್ರೆಯ ಮಾತು ಬರುವ ಪ್ರಕಟನೆ 13 ಓದಿಸಿದೆ. ಅಲ್ಲಿ ಇರೋದು ಬಲಗೈ ಇಲ್ಲವೇ ಹಣೆ. "ಅಜ್ಜಿ, ನಾ ಚುಚ್ಚೋದು ಎಡಗೈ ರಟ್ಟಿಗೆ" ಅಂದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಮತ್ತೆ ಓದಿದರು. "ವಿಡಿಯೋದಾಗ ಇದನ್ನ ಹೇಳಲಿಲ್ಲಲ್ಲ" ಅಂದರು. ಮರುದಿನ ಆಸ್ಪತ್ರೆಗೆ ಬಂದು ಬಾಟಲಿ ಕೇಳಿದರು. ಕೋವಿಶೀಲ್ಡ್ ಬಾಟಲಿ ಅಂದರೆ 5 ಎಂಎಲ್, ಹತ್ತು ಜನಕ್ಕೆ ಅರ್ಧರ್ಧ ಎಂಎಲ್. ಬೆಳಕಿಗೆ ಹಿಡಿದು ನೋಡಿದರು. ಸೂಜಿಯ ತೂತಿನಲ್ಲಿ ಚಿಪ್ ಹೆಂಗ ಹೋಗತೈತಿ ಅಂತ ಅವರೇ ಪಕ್ಕದವರಿಗೆ ಕೇಳಿದರು. ಆ ದಿನ ಏಳು ಜನ ಹಾಕಿಸಿಕೊಂಡರು.

ಅಲ್ಲಿಗೆ ಮುಗೀತು ಅನ್ನಬೇಡಿ. ಆ ಮುದ್ರೆ ಇಲ್ಲದವರು ಕೊಳ್ಳೋಕೆ ಮಾರೋಕೆ ಆಗಲ್ಲ ಅಂತಲೂ ಅದೇ ಅಧ್ಯಾಯದಲ್ಲಿದೆ. ಡಿಸೆಂಬರಿನಲ್ಲಿ ಮಾಲ್‌ಗೆ, ಥಿಯೇಟರಿಗೆ ಎರಡು ಡೋಸ್ ಸರ್ಟಿಫಿಕೇಟ್ ಬೇಕು ಅಂತ ಸರ್ಕಾರ ಹೇಳಿತಲ್ಲ, ಅದೇ ಅಜ್ಜಿ ಫೋನ್ ಮಾಡಿ "ಈಗ ಕೊಳ್ಳಾಕ ಮಾರಾಕ ಗುರ್ತು ಕೇಳಾಕತ್ತಾರ, ಏನ್ ಹೇಳ್ತಿ?" ಅಂದರು. ನನಗೆ ಥಟ್ಟನೆ ಉತ್ತರ ಹೊಳೀಲಿಲ್ಲ. "ಅಜ್ಜಿ, ನೀವು ಮಾಲ್‌ಗೆ ಯಾವಾಗ ಹೋಗಿದ್ರಿ?" ಅಂದೆ. ನಕ್ಕು ಇಟ್ಟರು. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು.

ಗ್ರೂಪಿನಲ್ಲಿ ಎಷ್ಟು ಬರೆದರೂ ಇದಾಗಲ್ಲ, ಮನೆಗೇ ಹೋಗಬೇಕು. ಮತ್ತೆ, ಶುಗರ್ ಇದ್ದವರು ಮಾತ್ರೆ ನುಂಗಿ ಉಪವಾಸ ಹಿಡಿದರೆ ಶುಗರ್ ಒಮ್ಮೆಲೇ ಇಳಿದುಬಿಡುತ್ತೆ. ಆ ವಿಷಯ ಅಕ್ಕೋರಿಗೆ ಬೇರೆಯಾಗಿ, ಇವತ್ತೇ ಹೇಳಿ.

ಪಕ್ಕಾ ಲೆಕ್ಕ

ಸುಮ್ನೆ ಅಡ್ಮಿನ್ ಮಾತ್ರ ಕಳಿಸೋ ಹಾಗೆ ಸೆಟಿಂಗ್ ಮಾಡಿ. ಕಥೆ ಖತಂ.

ಖಣದ ಮನೆ (ಗುಳೇದಗುಡ್ಡ)

ಮೇಲಿನವರ ಹಾಗೆ ಮಾಡಿದರೆ ಅಡ್ಮಿನ್ ಕಳಿಸುವ ಸುಳ್ಳು ಯಾರು ಹಿಡೀತಾರೆ? ನಾನೂ ಒಂದು ಗ್ರೂಪಿಗೆ ಅಡ್ಮಿನ್, ಅದಕ್ಕೇ ಕೇಳಿದೆ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಸಭೆ, ಮನೆಯಲ್ಲಿ ಮಗ್ಗ. ಎರಡು ವರ್ಷದ ಹಿಂದೆ ಒಂದು ವಿಡಿಯೋ ಬಂತು. ಪ್ರಾರ್ಥನಾಲಯಕ್ಕೆ ಬೆಂಕಿ, ಹೆಣ್ಣುಮಕ್ಕಳು ಅಳ್ತಾ ಇದ್ದಾರೆ, ಕೆಳಗೆ "ಜಮಖಂಡಿ ಹತ್ತಿರ, ಇವತ್ತು" ಅಂತ ಬರಹ. ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಎರಡು ಗ್ರೂಪಿಗೆ ಹಾಕಿಬಿಟ್ಟೆ. ಆಮೇಲೆ ಜಮಖಂಡಿಯಲ್ಲಿರೋ ನಮ್ಮ ಸೋದರಮಾವನಿಗೆ ಫೋನ್ ಹಚ್ಚಿದೆ. "ಇಲ್ಲಿ ಮುಂಜಾನಿಂದ ಜಡಿಮಳಿ ಹತ್ತೇತಿ, ಬೆಂಕಿ ಎಲ್ಲಿಂದ ಬರ್ಬೇಕೋ?" ಅಂದ.

ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹಿಂದಿನ ಮನೆಗಳಿಗೆಲ್ಲ ಇಳಿಜಾರು ಹೆಂಚು, ಸುತ್ತ ತೆಂಗು, ಅಡಿಕೆ. ನಮ್ಮ ಕಡೆ ಊರೊಳಗೆ ನೋಡಿದ್ದೀರಲ್ಲ, ಮಣ್ಣಿನ ಮಾಳಿಗೆ ಮನೆಗಳು, ಚಾವಣಿ ಸಪಾಟು. ಹುಟ್ಟಿದಾಗಿಂದ ಮಾಳಿಗೆ ಮೇಲೆ ಮಲಗಿದವನಿಗೆ ಆ ಹೆಂಚು ಕಾಣಲಿಲ್ಲ! ಸಿಟ್ಟು, ಹೆದರಿಕೆ ಬಂದಾಗ ಕಣ್ಣು ಚಾವಣಿ ನೋಡಲ್ಲ.

ನಮ್ಮಪ್ಪ ರೇಷ್ಮೆ ನೂಲು ಕೊಳ್ಳುವಾಗ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತಿದ್ದರು. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗಿ ಕೂಡುತ್ತೆ. ವ್ಯಾಪಾರಿ ನಮ್ಮ ಸಭೆಯವನೇ, ಭಾನುವಾರ ಪಕ್ಕದ ಬೆಂಚಿನಲ್ಲಿ ಕೂರುವವನು. ಆದರೂ ಸುಡುತ್ತಿದ್ದರು. ಅವನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. 1 ಥೆಸಲೊನೀಕ 5:21ರಲ್ಲಿ ಎಲ್ಲವನ್ನೂ ಪರಿಶೋಧಿಸಿ ಅಂತ ಓದಿದಾಗಲೆಲ್ಲ ನನ್ನ ಮೂಗಿಗೆ ಆ ವಾಸನೆ ಬರುತ್ತೆ. ಬೆರೋಯ ಅನ್ನೋ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರಕ್ಕೆ ಹಚ್ಚಿ ನೋಡಿದರು. ಅಪೊಸ್ತಲರ ಕೃತ್ಯಗಳು 17ರಲ್ಲಿ ಅದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು.

ಆದರೆ ಅಣ್ಣಾರ, ಒಂದು ಮಾತು. ಎಲ್ಲವೂ ಸುಳ್ಳು ಅನ್ನೋ ಚಾಳಿಗೂ ಬೀಳಬೇಡಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಗಾಡಿಯಲ್ಲೇ ಸುಟ್ಟದ್ದು ನಿಜ. 2008ರಲ್ಲಿ ಅದೇ ಒಡಿಶಾದ ಕಂಧಮಾಲ್‌ನಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆ ನಿಜ. ನಮ್ಮ ಹೆದರಿಕೆಗೆ ಕಾರಣ ಇದೆ, ಅದಕ್ಕೇ ಸುಳ್ಳೂ ಬೇಗ ಓಡುತ್ತೆ. ನಾಳೆ ನಿಜವಾಗಿ ಏನಾದರೂ ಆಗಿ ದೂರು ಕೊಡಲು ಹೋದಾಗ "ಹೋದ ಸಲಾನೂ ಹಿಂಗ ವಿಡಿಯೋ ತಂದಿದ್ರಲ್ಲ" ಅಂದರೆ ಏನು ಮಾಡೋದು? ನಾನು ಎರಡೂ ಗ್ರೂಪಿನಲ್ಲಿ "ತಪ್ಪು ನನ್ನದು, ವಿಡಿಯೋ ನಮ್ಮ ಕಡೆಯದಲ್ಲ" ಅಂತ ಬರೆದೆ. ಮೊದಲನೆಯದನ್ನು ಫಾರ್ವರ್ಡ್ ಮಾಡಿದವರಲ್ಲಿ ಇದನ್ನೂ ಮಾಡಿದವನು ಒಬ್ಬನೇ.

ಖಾನಾಪುರ ಕ್ಯಾಥಲಿಕ್

ಹತ್ತು ಆಜ್ಞೆಗಳನ್ನು ನಾವು ಎಣಿಸುವ ಲೆಕ್ಕದಲ್ಲಿ ಸುಳ್ಳು ಸಾಕ್ಷಿ ಹೇಳಬಾರದು ಅನ್ನೋದು ಎಂಟನೇ ಆಜ್ಞೆ, ನಿಮ್ಮ ಪ್ರೊಟೆಸ್ಟೆಂಟ್ ಲೆಕ್ಕದಲ್ಲಿ ಒಂಬತ್ತನೆಯದು. ನಂಬರ್ ಏನೇ ಇರಲಿ, ಎರಡೂ ಕಡೆ ಗ್ರೂಪುಗಳು ಒಂದೇ ಥರ. ನಮ್ಮಲ್ಲಿ ಪೋಪ್ ಅವರ ಸುಳ್ಳು ವಿಡಿಯೋ ಜಾಸ್ತಿ. 2023ರಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಉಬ್ಬು ಜಾಕೆಟ್ ಹಾಕಿದ ಫೋಟೋ ನೋಡಿ ನಮ್ಮ ತಮ್ಮ "ಚಲೋ ಕಾಣಸ್ತಾರ" ಅಂದಿದ್ದ. ಅದು ಕಂಪ್ಯೂಟರ್ ಬರೆದ ಚಿತ್ರ. ಈಗ ಪೋಪ್ ಲಿಯೋ ಅವರ ಮುಖ, ದನಿ ಇಟ್ಟುಕೊಂಡು ಅವರು ಆಡದ ಮಾತು ಆಡಿಸುತ್ತಿದ್ದಾರೆ. ಬಾಯಿ ಅಲ್ಲಾಡೋದು ನೋಡಿ ನಂಬೋ ಕಾಲ ಹೋಯಿತು. ನಾನಂತೂ ವ್ಯಾಟಿಕನ್ ನ್ಯೂಸ್‌ನಲ್ಲಿ ಇದೆಯಾ ಅಂತ ನೋಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಕಳಿಸಲ್ಲ.

ನಿಮಗೆ ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ನೀವು ವಿಮೋಚನಕಾಂಡ ತೆಗೆದಿರಿ, ಮತ್ತಾಯ 18:15 ಬಿಟ್ಟಿರಿ. ಸಹೋದರ ತಪ್ಪಿದರೆ ಮೊದಲು ನೀನೊಬ್ಬನೇ ಹೋಗಿ, ಅವನೊಬ್ಬನೇ ಇದ್ದಾಗ ಹೇಳು ಅಂತ ಅಲ್ವಾ ಇರೋದು? ನೀವು ಇಡೀ ಗ್ರೂಪಿನ ಮುಂದೆ ನಿಮ್ಮ ಟೀಚರಿನ ಕಿವಿ ಹಿಂಡಿದಿರಿ. ಸುದ್ದಿ ಸುಳ್ಳು, ಅಷ್ಟೇ. ಅವರು ಸುಳ್ಳು ಹೇಳಲಿಲ್ಲ, ಮೋಸ ಹೋದರು. ನೀವು ಬರೆದ ರೀತಿಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ.

ಹೋಗಿ ಬನ್ನಿ. ಬರಿಗೈಲಿ ಹೋಗಬೇಡಿ. ಕುಂದಾ ಬೇಡ, ಶುಗರ್ ಅಂದಿರಲ್ಲ.

ಗೋವಾವೇಸ್ ಜೆರಾಕ್ಸ್ (ನಾಲ್ಕು ದಿನ ಬಿಟ್ಟು)

ಹೋಗಿದ್ದೆ. ಅರ್ಧ ಡಜನ್ ಪೇರಲ ಹಣ್ಣು ಒಯ್ದೆ.

ಮೊದಲು ತಪ್ಪಾಯಿತು ಅಂದೆ. "ಕೂಡು" ಅಂದರು, ಅಷ್ಟೇ. ಮಾತ್ರೆ ವಿಷಯ ಸೊಸೆಯ ಮುಂದೆಯೇ ಹೇಳಿದೆ. ಡಾಕ್ಟರನ್ನು ಕೇಳದೆ ಇನ್ನು ಉಪವಾಸ ಇಲ್ಲ ಅಂತ ಒಪ್ಪಿದರು. ಅರೆಮನಸ್ಸಿನಿಂದಲೇ.

ಆಮೇಲೆ ಪ್ರಿಂಟ್ ತೆಗೆದು ಒಯ್ದಿದ್ದನ್ನು ಮುಂದಿಟ್ಟೆ. ಅವರಿಗೆ ಮೊಬೈಲಿಗಿಂತ ಕಾಗದದ ಮೇಲೆ ನಂಬಿಕೆ ಜಾಸ್ತಿ. 2009ರದ್ದು, 2021ರದ್ದು ಪಕ್ಕಪಕ್ಕ. ಕೆಂಪು ಪೆನ್ ತಗೊಂಡು ಎರಡರಲ್ಲೂ "ನಾಳೆ" ಅನ್ನೋ ಕಡೆ ಗೆರೆ ಎಳೆದರು, ಥೇಟ್ ಪೇಪರ್ ತಿದ್ದೋ ಹಾಗೆ. "ಇಬ್ಬರೂ ಕಾಪಿ ಹೊಡದಾರ" ಅಂದರು.

ಅವರು ಬಾಗಿಲಲ್ಲಿ ಕೇಳಿದ್ದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಹುಡುಕುವಾಗ ಸಿಕ್ಕಿದ್ದ ಇನ್ನೊಂದು ಸಂಗತಿ ಹೇಳಿದೆ. 2007ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಒಂದು ಸಭೆಯ 23 ಜನ ಅಫ್ಘಾನಿಸ್ತಾನದಲ್ಲಿ ಬಸ್ಸಿನಲ್ಲಿ ಹೋಗುವಾಗ ತಾಲಿಬಾನ್ ಅವರನ್ನು ಹಿಡಿದಿತ್ತು. ಇಬ್ಬರನ್ನು ಕೊಂದರು. ಉಳಿದ 21 ಜನ ಆಗಸ್ಟ್ ಮುಗಿಯುವುದರೊಳಗೆ ಬಿಡುಗಡೆಯಾದರು. ಇದು ಮಾತ್ರ ನಡೆದದ್ದು.

ಅಕ್ಕೋರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಇಬ್ಬರ ಹೆಸರೇನು?" ಅಂದರು.

ನೋಡಿಕೊಂಡು ಬಂದಿರಲಿಲ್ಲ. ಅಲ್ಲೇ ಮೊಬೈಲಿನಲ್ಲಿ ಹುಡುಕಿದೆ. ಒಬ್ಬರು ಪಾಸ್ಟರ್ ಬೇ ಹ್ಯೊಂಗ್ ಗ್ಯು, ವಯಸ್ಸು 42. ಇನ್ನೊಬ್ಬರು ಶಿಮ್ ಸುಂಗ್ ಮಿನ್, 29. ಅಕ್ಕೋರು ಸತ್ಯವೇದದ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಂಡರು. ಅಲ್ಲಿ ತೀರಿಹೋದವರ ಹೆಸರು ಮೊದಲೇ ಒಂದಿಷ್ಟು ಇದ್ದವು, ಅವರ ಯಜಮಾನರದ್ದು ಎಲ್ಲಕ್ಕಿಂತ ಮೇಲೆ. ಎರಡು ಸಲ ಓದಿ ನೋಡಿದರು, ಬಾಯಿ ತಿರುಗಲಿಲ್ಲ. "ಮೊದಲನೇದು ಬೇ ಅಂತನೋ ಬೈ ಅಂತನೋ, ಸರಿಯಾಗಿ ಕೇಳ್ಕೊಂಡು ಬಾ" ಅಂದರು.

ಗ್ರೂಪಿಗೆ ಇನ್ನೂ ವಾಪಸ್ ಬಂದಿಲ್ಲ. ಇಲ್ಲಿ ಕೊರಿಯನ್ ಉಚ್ಚಾರ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.