ಗೇಮ್ ಆಡಿ ಆಡಿ ಮಗ ಒರಟನಾಗ್ತಿದ್ದಾನಾ? ನಿಮ್ಮ ಅನುಭವ ಹೇಳಿ

ಹಾಸನದ ತಾಯಿಯ ಪ್ರಶ್ನೆ: ಮಗನಿಗೆ 11 ವರ್ಷ. ಶಾಲೆಯಿಂದ ಬಂದರೆ ಫ್ರೀ ಫೈರ್ ಮ್ಯಾಕ್ಸ್. ಫೋನ್ ಕಿತ್ತುಕೊಂಡರೆ ಕೂಗಾಡುತ್ತಾನೆ. ಮೊನ್ನೆ ತಂಗಿಯನ್ನು ತಳ್ಳಿಬಿಟ್ಟ. ಗುಂಡು ಹಾರಿಸೋ ಆಟದಿಂದಲೇ ಹೀಗಾ? ಪೂರ್ತಿ ಬಿಡಿಸಬೇಕಾ?

ಹುಬ್ಬಳ್ಳಿಯಿಂದ, ಇಬ್ಬರು ಗಂಡುಮಕ್ಕಳ ಅಪ್ಪ: ನಮ್ಮನೆಯಲ್ಲೂ ಇದೇ ರಾಮಾಯಣ. ಬಿಡಿಸೋ ಮೊದಲು ಪಕ್ಕದಲ್ಲಿ ಕೂತು ಆಟ ನೋಡಿ. ಕೂಗಾಟ ಯಾವಾಗ ಬರುತ್ತೆ ಅಂತ ಗಮನಿಸಿ. ನನ್ನ ದೊಡ್ಡ ಮಗ ಆಟದಲ್ಲಿ ಸತ್ತಾಗ ನಗುತ್ತಿದ್ದ, ಮಧ್ಯೆ ಫೋನ್ ಕಿತ್ತುಕೊಂಡಾಗ ಮಾತ್ರ ಸಿಡಿಯುತ್ತಿದ್ದ. ಎದ್ದು ಹೋದರೆ ರ್‍ಯಾಂಕ್ ಇಳಿಯುತ್ತೆ, ಸ್ಕ್ವಾಡ್‌ನ, ಅಂದರೆ ತಂಡದ, ಉಳಿದವರು ಬೈಯುತ್ತಾರೆ. ಕೊನೆ ಓವರ್‌ನಲ್ಲಿ ಟಿವಿ ಆರಿಸಿದರೆ ನಾವು ಸುಮ್ನಿರ್ತೀವಾ? ಫ್ರೀ ಫೈರ್ ಮ್ಯಾಚ್ ಸುಮಾರು 10 ನಿಮಿಷ, ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ಆದರೆ ಅರ್ಧ ಗಂಟೆ ಹಿಡಿಯುತ್ತೆ. ಈಗ ನಾವು "ಈ ಮ್ಯಾಚ್ ಮುಗಿದ ಮೇಲೆ ಫೋನ್ ಕೊಡು" ಅಂತೀವಿ. ಅರ್ಧ ಜಗಳ ಅಲ್ಲೇ ನಿಂತಿತು.

ಗುಂಡಿಗಿಂತ ನನಗೆ ಜಾಸ್ತಿ ಭಯ ಮೈಕ್‌ನದು, ಆಡ್ತಾ ಆಡ್ತಾ ಜೊತೆಯವರ ಹತ್ತಿರ ಮಾತಾಡ್ತಾರಲ್ಲ, ಅದು. ಹೆಡ್‌ಫೋನ್ ತೆಗೆಸಿ ಸ್ಪೀಕರ್ ಹಾಕಿಸಿದೆ. ಯಾರೋ ಬೆಳೆದ ಹುಡುಗ ಹಿಂದಿಯಲ್ಲಿ ಅಮ್ಮ-ಅಕ್ಕನ ಬೈಗುಳ ಸುರಿಸುತ್ತಿದ್ದ. ನಮ್ಮ ಚಿಕ್ಕವನು ಅರ್ಥ ಗೊತ್ತಿಲ್ಲದೆ ಅದನ್ನೇ ಅಂಗಳದಲ್ಲಿ ಒದರುತ್ತಿದ್ದ! ವಾಯ್ಸ್ ಚಾಟ್ ಆಫ್ ಮಾಡಿಸಿದೆ. ಗೊತ್ತಿರೋ ಗೆಳೆಯರ ಜೊತೆ ಮಾತ್ರ ಆಟ.

ತಂಗಿಯನ್ನು ತಳ್ಳಿದ್ದು ಮಾತ್ರ ಬೇರೆ ಲೆಕ್ಕ. ಅದಕ್ಕೆ ಗೇಮ್ ನೆಪ ಆಗಬಾರದು.

ಶಿವಮೊಗ್ಗದಿಂದ, ಹೈಸ್ಕೂಲ್ ಮೇಷ್ಟ್ರು: ಬರೀ ನಿಷೇಧದಿಂದ ಆಟ ನಿಲ್ಲಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿತು, ನಮ್ಮ ಹುಡುಗರು ಫ್ರೀ ಫೈರ್‌ಗೆ ಹಾರಿದರು. 2022ರ ಫೆಬ್ರವರಿಯಲ್ಲಿ ಅದೂ ಹೋಯ್ತು, ಅದರದೇ ಇನ್ನೊಂದು ರೂಪ ಮ್ಯಾಕ್ಸ್ ಉಳಿದಿತ್ತಲ್ಲ, ಅಲ್ಲಿಗೆ ಹೋದರು. ತರಗತಿಯಲ್ಲಿ ನನಗೆ ಕಾಣೋದು ಹಿಂಸೆಗಿಂತ ನಿದ್ದೆಗೇಡು. ರಾತ್ರಿ ಆಡಿದವನು ಬೆಳಗ್ಗೆ ಪೆನ್ಸಿಲ್‌ಗೂ ಜಗಳ ತೆಗೀತಾನೆ. ರಾತ್ರಿ ಫೋನ್ ನಿಮ್ಮ ಕೋಣೆಯಲ್ಲಿರಲಿ.

ಮೈಸೂರಿನಿಂದ, ಮನಃಶಾಸ್ತ್ರ ಓದಿದವಳು: ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಹೇಳಿದ್ದಿಷ್ಟು: ಹಿಂಸೆಯ ಆಟಕ್ಕೂ ಕೂಗಾಟ, ತಳ್ಳಾಟಕ್ಕೂ ಸಣ್ಣ ನಂಟಿದೆ. ದೊಡ್ಡ ಅಪರಾಧಕ್ಕೆ ಆಟವೇ ಕಾರಣ ಅನ್ನೋಕೆ ಸಾಕ್ಷಿ ಸಾಲದು. 2019ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ 14-15ರ ಸುಮಾರು 1,000 ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿದಾಗ ಆ ನಂಟೂ ಸಿಗಲಿಲ್ಲ. ಆದರೆ ನಿಮ್ಮವನಿಗೆ 11. ದೊಡ್ಡ ಹುಡುಗರ ಲೆಕ್ಕ ಅವನಿಗೆ ಪೂರ್ತಿ ಕೂರಲ್ಲ. ಜಿಟಿಎ-5 ಥರದ ಹಿಂಸೆಯ ಆಟ ಯುರೋಪಿನ ರೇಟಿಂಗ್‌ನಲ್ಲಿ 18 ದಾಟಿದವರಿಗೆ. ಅದಂತೂ ಬೇಡವೇ ಬೇಡ.

ಬೆಂಗಳೂರಿನಿಂದ, ಒಬ್ಬ ಚಿಕ್ಕಮ್ಮ: ಸಿಡುಕು ಒಂದು, ಚಟ ಇನ್ನೊಂದು. ನಮ್ಮ ಅಕ್ಕನ ಮಗ ಊಟ, ಸ್ನಾನ, ಪರೀಕ್ಷೆ ಎಲ್ಲ ಬಿಟ್ಟಿದ್ದ. ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇದಕ್ಕೇ ಇರೋದು, ಅಲ್ಲಿಗೆ ಕರೆದುಕೊಂಡು ಹೋದೆವು. ಮೊದಲು ಕೇಳಿದ್ದು ಆಟದ ಬಗ್ಗೆ ಅಲ್ಲ, ಮನೆಯಲ್ಲಿ ಯಾರು ಯಾರ ಜೊತೆ ಮಾತಾಡ್ತೀರಿ ಅಂತ. ನಿಮಗೆ ಅಷ್ಟು ದೂರ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.